ದಮ್ಮಿನ ಪಂಪು: ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಹೆದರಬೇಕಾಗಿಲ್ಲ?



ಯಳಂದೂರು ಕಡೆಯ ಒಂದು ಸಂಘದ ಸಭೆಗೆ ನಾವು ಹೋಗಿದ್ದಾಗ ನಡೆದ ಮಾತಿದು. ಉಳಿತಾಯ ಮತ್ತು ಸಾಲದ ಲೆಕ್ಕ ಮುಗಿದ ಮೇಲೆ ಆರೋಗ್ಯದ ವಿಷಯ ಬಂತು. ಒಬ್ಬ ಅಕ್ಕ ಸೆರಗಿನ ತುದಿಯಲ್ಲಿ ಸುತ್ತಿಟ್ಟುಕೊಂಡಿದ್ದ ಇನ್‌ಹೇಲರ್ ತೆಗೆದು ತೋರಿಸಿದರು. "ಇದ ಎಳ್ಕಂಡ್ರೆ ಕೈ ಗಡಗಡ ನಡುಗ್ತದೆ ಸಿಸ್ಟರೇ. ಎದೆ ಡವಡವ ಹೊಡ್ಕತದೆ. ಉಸಿರಿಗೆ ಅಂತ ಕೊಟ್ಟು ಜೀವಾನೇ ತಗದ್ಬುಟ್ಟದೇನೋ ಅಂತ ಒಂದು ತಿಂಗಳಿಂದ ಪೆಟ್ಟಿಗೇಲಿ ಮಡಗ್ಬುಟ್ಟಿದ್ದೀನಿ" ಎಂದರು.

ಪಕ್ಕದಲ್ಲಿ ಕೂತಿದ್ದ ಇನ್ನೊಬ್ಬರು ನಕ್ಕರು. "ನಂದು ಹಂಗಲ್ಲ ಕನಕ್ಕ. ಅದಿಲ್ದಿದ್ರೆ ನಂಗೆ ಆಗೋದೇ ಇಲ್ಲ. ತಿಂಗಳಿಗೊಂದು ಮುಗೀತದೆ. ಕೈನೂ ನಡುಗಲ್ಲ, ಏನೂ ಆಗಲ್ಲ" ಎಂದರು.

ಸಭೆಯಲ್ಲಿದ್ದವರು ಮೊದಲನೆಯವರಿಗೆ ಅಯ್ಯೋ ಪಾಪ ಎಂದರು. ಎರಡನೆಯವರಿಗೆ ಔಷಧಿ ಚೆನ್ನಾಗಿ ಒಗ್ಗಿದೆ ಎಂದರು. ಆದರೆ ನಮಗೆ ಹೆಚ್ಚು ಭಯವಾದದ್ದು ಎರಡನೆಯವರ ಮಾತು ಕೇಳಿ. ಯಾಕೆ ಎಂಬುದನ್ನು ಈ ಸಲ ಎಲ್ಲರೂ ಸೇರಿ ತಿಳಿದುಕೊಳ್ಳೋಣ.

ನಮ್ಮ ಹೆಣ್ಣುಮಕ್ಕಳಿಗೇ ಯಾಕೆ ಈ ಕಾಯಿಲೆ?

"ಬೀಡಿ ಸೇದೋದು ಗಂಡಸರು, ದಮ್ಮು ನಮಗ್ಯಾಕೆ?" ಎಂದು ಬಹಳ ಜನ ಕೇಳುತ್ತಾರೆ. ಒಲೆಯ ಹೊಗೆಯೂ ಬೀಡಿಯ ಹಾಗೆಯೇ ಎದೆಗೆ ಹೋಗುತ್ತದೆ. ಮೈಸೂರು ಜಿಲ್ಲೆಯ ಹಳ್ಳಿ ಹೆಂಗಸರ ಮೇಲೆ ಮೈಸೂರಿನ ವೈದ್ಯರು ಮಾಡಿದ ಒಂದು ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಸೌದೆ ಒಲೆಯ ಮುಂದೆ ದಿನಕ್ಕೆ ಎಷ್ಟು ಗಂಟೆ ಕೂರುತ್ತೇವೆ, ಎಷ್ಟು ವರ್ಷದಿಂದ ಕೂತಿದ್ದೇವೆ, ಇವೆರಡನ್ನೂ ಗುಣಿಸಿ ಅವರು ಲೆಕ್ಕ ಹಾಕಿದರು. ಆ ಗುಣಲಬ್ಧ 60 ಮುಟ್ಟಿದವರಲ್ಲಿ ಕ್ರಾನಿಕ್ ಬ್ರಾಂಕೈಟಿಸ್ ಎಂಬ ಹಳೆಯ ಕಫಕೆಮ್ಮಿನ ಅಪಾಯ ಗಣನೀಯವಾಗಿ ಕಂಡಿತು.

60 ಎಂದರೆ ಎಷ್ಟು? ದಿನಕ್ಕೆ 3 ಗಂಟೆಯಂತೆ 20 ವರ್ಷ. ಹದಿನೈದಕ್ಕೆ ಒಲೆ ಹಚ್ಚಲು ಶುರು ಮಾಡಿದವರು ಮೂವತ್ತೈದು ತುಂಬುವಾಗ ಅಲ್ಲಿಗೆ ಮುಟ್ಟಿರುತ್ತಾರೆ. ಇದರ ಜೊತೆಗೆ ಆಲೆಮನೆಯ ಹೊಗೆ, ಕಬ್ಬಿನ ತರಗು ಸುಡುವ ಹೊಗೆ, ಕಣದ ಧೂಳು, ಕರಿಕಲ್ಲು ಕ್ವಾರಿಯ ಪುಡಿ, ಮಾಗಿಯ ಚಳಿ ಸೇರುತ್ತವೆ. ಕೊಳ್ಳೇಗಾಲ ಕಡೆ ರೇಷ್ಮೆ ಕೆಲಸ ಮಾಡುವವರಲ್ಲಿ ಕೆಲವರಿಗೆ ಹುಳುವಿನ, ಗೂಡಿನ ಧೂಳು ಒಗ್ಗುವುದಿಲ್ಲ. ಹೀಗಾಗಿ ನಮ್ಮ ಸಂಘಗಳಲ್ಲಿ ಪಂಪು ಇಟ್ಟುಕೊಂಡವರು ಇದ್ದೇ ಇರುತ್ತಾರೆ. ನಾಚಿಕೆಯಿಂದ ಹೇಳುವುದಿಲ್ಲ, ಅಷ್ಟೇ.

ಪಂಪು ಒಳಗೆ ಹೋಗಿ ಏನು ಮಾಡುತ್ತದೆ?

ಎದೆಯೊಳಗೆ ಉಸಿರು ಹೋಗುವ ಸಣ್ಣ ಸಣ್ಣ ಕೊಳವೆಗಳಿವೆ. ಅವುಗಳ ಸುತ್ತ ಸ್ನಾಯುವಿದೆ. ದಮ್ಮು ಬಂದಾಗ ಎರಡು ತೊಂದರೆ ಒಟ್ಟಿಗೆ ಆಗುತ್ತವೆ. ಒಂದು, ಲಂಗದ ಲಾಡಿ ಬಿಗಿದ ಹಾಗೆ ಸ್ನಾಯು ಕೊಳವೆಯನ್ನು ಹೊರಗಿನಿಂದ ಬಿಗಿಯುತ್ತದೆ. ಎರಡು, ಕಾಲುವೆಯಲ್ಲಿ ಹೂಳು ತುಂಬಿದ ಹಾಗೆ ಕೊಳವೆಯ ಒಳಗೋಡೆ ಊದಿಕೊಂಡು ಕಫ ಕಟ್ಟುತ್ತದೆ.

ತಕ್ಷಣ ಉಸಿರು ಬಿಡಿಸುವ ಪಂಪಿನಲ್ಲಿ ಇರುವುದು ಸಾಮಾನ್ಯವಾಗಿ ಸಾಲ್ಬುಟಮಾಲ್ ಅಥವಾ ಲಿವೋಸಾಲ್ಬುಟಮಾಲ್. ಅಂಗಡಿಯಲ್ಲಿ ಆಸ್ತಾಲಿನ್, ಲಿವೋಲಿನ್ ಎಂಬ ಹೆಸರಲ್ಲಿ ಸಿಗುವುದು ಇದೇ. ಇದು ಲಾಡಿಯನ್ನು ಸಡಿಲ ಮಾಡುತ್ತದೆ. ಕೆಲವೇ ನಿಮಿಷದಲ್ಲಿ ಉಸಿರು ಹಗುರವಾಗುತ್ತದೆ. ಅದರ ಕೆಲಸ 4ರಿಂದ 6 ಗಂಟೆ ಇರುತ್ತದೆ. ಆದರೆ ಹೂಳನ್ನು ಇದು ತೆಗೆಯುವುದಿಲ್ಲ. ಹೂಳು ತೆಗೆಯಲು ಬೇರೆ ಔಷಧಿ ಬೇಕು. ಅದು ಬುಡೆಸೊನೈಡ್‌ನಂಥ ಸ್ಟಿರಾಯ್ಡ್ ಇರುವ, ದಿನಾ ಎಳೆಯಬೇಕಾದ ಪಂಪು. ಕೆಲವು ಪಂಪುಗಳಲ್ಲಿ ಎರಡು ಬಗೆಯ ಔಷಧಿಯೂ ಒಟ್ಟಿಗೆ ಇರುತ್ತವೆ. ಬಣ್ಣ ನೋಡಿ ಗುರುತು ಹಿಡಿಯಬೇಡಿ. ಕಂಪನಿಯಿಂದ ಕಂಪನಿಗೆ ಬಣ್ಣ ಬೇರೆ. ಮೇಲೆ ಬರೆದ ಹೆಸರನ್ನು ಓದಿಸಿಕೊಂಡು, ಯಾವುದು "ತಕ್ಷಣದ್ದು", ಯಾವುದು "ದಿನದ್ದು" ಎಂದು ಚೀಟಿ ಅಂಟಿಸಿ.

ಸಾಮಾನ್ಯವಾಗಿ ಕಾಣುವ ಅಡ್ಡಪರಿಣಾಮಗಳು

1. ಕೈ ನಡುಕ. ಎದೆಯ ಕೊಳವೆಯ ಸ್ನಾಯುವಿಗೆ ಹೇಳಿದ ಮಾತನ್ನು ಈ ಔಷಧಿ ಕೈಕಾಲಿನ ಸ್ನಾಯುವಿಗೂ ಸ್ವಲ್ಪ ಹೇಳಿಬಿಡುತ್ತದೆ. ಅದಕ್ಕೇ ನಡುಕ. ಔಷಧಿಯ ಶಕ್ತಿ ಇಳಿದ ಹಾಗೆ ನಡುಕವೂ ಇಳಿಯುತ್ತದೆ. ಇದರಿಂದ ನರ ಸತ್ತುಹೋಗುವುದಿಲ್ಲ, ಪಾರ್ಶ್ವವಾಯು ಬರುವುದಿಲ್ಲ.

2. ಎದೆ ಡವಡವ. ಹೃದಯ ಸ್ವಲ್ಪ ಹೊತ್ತು ಬೇಗ ಹೊಡೆದುಕೊಳ್ಳುತ್ತದೆ. ಬಹಳ ಜನರಿಗೆ ತಾನಾಗಿಯೇ ಸರಿಹೋಗುತ್ತದೆ. ಆದರೆ ಹೃದಯದ ಕಾಯಿಲೆ, ಬಿ.ಪಿ., ಸಕ್ಕರೆ ಕಾಯಿಲೆ, ಥೈರಾಯ್ಡ್ ಹೆಚ್ಚಾಗಿರುವ ತೊಂದರೆ ಇದ್ದವರು ಪಂಪು ಬರೆಸಿಕೊಳ್ಳುವಾಗಲೇ ಡಾಕ್ಟರಿಗೆ ಹೇಳಬೇಕು.

3. ತಲೆನೋವು, ಚಡಪಡಿಕೆ, ನಿದ್ದೆ ಬಾರದಿರುವುದು.

4. ಮೀನಖಂಡ ಹಿಡಿದುಕೊಳ್ಳುವುದು. ಔಷಧಿ ಹೆಚ್ಚಾದಾಗ ರಕ್ತದಲ್ಲಿ ಪೊಟ್ಯಾಸಿಯಂ ಎಂಬ ಲವಣ ಕಡಿಮೆಯಾಗಬಹುದು. ಡೆರಿಫಿಲಿನ್‌ನಂಥ ದಮ್ಮಿನ ಮಾತ್ರೆ, ಸ್ಟಿರಾಯ್ಡ್ ಮಾತ್ರೆ, ನೀರು ಇಳಿಸುವ ಮಾತ್ರೆ ಜೊತೆಗೆ ತೆಗೆದುಕೊಳ್ಳುವವರಲ್ಲಿ ಇದು ಹೆಚ್ಚು. ಹೀಗಾದಾಗ ಎದೆಬಡಿತವೂ ಏರುಪೇರಾಗಬಹುದು. ಪದೇ ಪದೇ ಹಿಡಿದುಕೊಂಡರೆ ರಕ್ತ ಪರೀಕ್ಷೆ ಮಾಡಿಸಬೇಕು.

5. ರಕ್ತದ ಸಕ್ಕರೆ ಏರುವುದು. ಒಂದೆರಡು ಪಫ್‌ಗೆ ಹೀಗಾಗುವುದು ಕಡಿಮೆ. ಆಸ್ಪತ್ರೆಯಲ್ಲಿ ಮುಖಕ್ಕೆ ಮಾಸ್ಕ್ ಹಾಕಿ ಹೆಚ್ಚು ಔಷಧಿ ಕೊಟ್ಟಾಗ ಆಗಬಹುದು. ಸಕ್ಕರೆ ಕಾಯಿಲೆ ಇದ್ದವರು ಆಗ ಪರೀಕ್ಷೆ ಮಾಡಿಸಿಕೊಳ್ಳಿ.

6. ಬಾಯಿ ಒಣಗುವುದು. ಇದು ಇಪ್ರಾಟ್ರೋಪಿಯಂ, ಟಯೋಟ್ರೋಪಿಯಂ ಎಂಬ ಬೇರೆ ಜಾತಿಯ ಔಷಧಿಯಿಂದ ಬರುತ್ತದೆ. ಇವು ಹಳೆಯ ಹೊಗೆಗೂಡಿನ ದಮ್ಮಿಗೆ ಹೆಚ್ಚಾಗಿ ಕೊಡುವಂಥವು. ಮನೆಯಲ್ಲಿ ವಯಸ್ಸಾದ ಗಂಡಸರಿಗೆ ಪ್ರಾಸ್ಟೇಟ್ ತೊಂದರೆ ಇದ್ದರೆ ಮೂತ್ರ ಕಟ್ಟಿಕೊಳ್ಳಬಹುದು. ಕಣ್ಣಿನ ಒತ್ತಡದ ಕಾಯಿಲೆ ಇದ್ದವರಿಗೆ ಮಾಸ್ಕಿನ ಹೊಗೆ ಕಣ್ಣಿಗೆ ಬಿದ್ದರೆ ಕಣ್ಣು ನೋವು, ಮಂಜು ಆಗಬಹುದು. ಮಾಸ್ಕ್ ಸಡಿಲವಿದ್ದರೆ ನರ್ಸಮ್ಮನಿಗೆ ಹೇಳಿ ಸರಿಯಾಗಿ ಹಾಕಿಸಿಕೊಳ್ಳಿ.

7. ಗಂಟಲು ಕಟ್ಟುವುದು, ಬಾಯಲ್ಲಿ ಬಿಳಿ ಪೊರೆ. ಇದು ದಿನದ ಸ್ಟಿರಾಯ್ಡ್ ಪಂಪಿನದು. ಎಳೆದ ಮೇಲೆ ಪ್ರತಿ ಸಲವೂ ಬಾಯಿ ಮುಕ್ಕಳಿಸಿ ಉಗಿಯಿರಿ. ಬಹುಮಟ್ಟಿಗೆ ತಪ್ಪುತ್ತದೆ.

ಪಂಪಿಗೆ ಹೆದರಿ ಮಾತ್ರೆ ನುಂಗಿದರೆ?

ಇಲ್ಲಿ ಒಂದು ಲೆಕ್ಕ ಹೇಳುತ್ತೇವೆ. ಸಾಲ್ಬುಟಮಾಲ್ ಪಂಪಿನ ಒಂದು ಪಫ್‌ನಲ್ಲಿ 100 ಮೈಕ್ರೋಗ್ರಾಂ ಔಷಧಿ ಇರುತ್ತದೆ. ಅದೇ ಔಷಧಿಯ ಮಾತ್ರೆ 4 ಮಿಲಿಗ್ರಾಂ, ಅಂದರೆ 4000 ಮೈಕ್ರೋಗ್ರಾಂ. ಒಂದು ಮಾತ್ರೆ ನುಂಗಿದರೆ 40 ಪಫ್‌ನಷ್ಟು ಔಷಧಿ ಹೊಟ್ಟೆಗೆ ಹೋದ ಹಾಗೆ. ಅದು ರಕ್ತಕ್ಕೆ ಸೇರಿ ಮೈಯೆಲ್ಲ ಸುತ್ತಿ ಕೊನೆಗೆ ಎದೆಗೆ ಬರಬೇಕು. ನಡುಕವೂ ಡವಡವವೂ ಹೆಚ್ಚು, ಉಸಿರು ಬಿಡುವುದು ತಡ. "ಪಂಪು ಜೋರು, ಮಾತ್ರೆ ಮೆದು" ಎಂಬುದು ತಪ್ಪು ತಿಳುವಳಿಕೆ. ಹೊಲದ ಒಂದು ಗಿಡಕ್ಕೆ ನೀರು ಬೇಕಾದರೆ ಬುಡಕ್ಕೆ ಚೊಂಬಿನಲ್ಲಿ ಹಾಕುತ್ತೇವೆಯೇ, ಇಡೀ ಹೊಲಕ್ಕೆ ಹಾಯಿಸುತ್ತೇವೆಯೇ?

ಆಸ್ಪತ್ರೆಯ ಮಾಸ್ಕಿನಲ್ಲೂ ದೊಡ್ಡವರಿಗೆ ಸಾಮಾನ್ಯವಾಗಿ ಹಾಕುವುದು 2.5 ಮಿಲಿಗ್ರಾಂ ಅಥವಾ ಹೆಚ್ಚು. ಅದರಲ್ಲಿ ಬಹುಪಾಲು ಗಾಳಿಗೆ ಹೋಗುತ್ತದೆ, ಆದರೂ ಪಂಪಿಗಿಂತ ನಡುಕ ಜಾಸ್ತಿ. ಮಾಸ್ಕ್ ತೆಗೆದ ಮೇಲೆ ಕೈ ನಡುಗಿದರೆ ಗಾಬರಿಯಾಗಬೇಡಿ, ಸ್ವಲ್ಪ ಹೊತ್ತು ಕೂತಿದ್ದು ಆಮೇಲೆ ಬಸ್ ಹತ್ತಿ.

ನಿಜವಾಗಿ ಹೆದರಬೇಕಾದ್ದು: ಪಂಪು ಬೇಗ ಮುಗಿಯುವುದು

ಈಗ ಎರಡನೇ ಸಹೋದರಿಯ ಮಾತಿಗೆ ಬರೋಣ. ಒಂದು ಪಂಪಿನಲ್ಲಿ ಸಾಮಾನ್ಯವಾಗಿ 200 ಪಫ್ ಇರುತ್ತವೆ. ಆಸ್ತಮಾ ಹತೋಟಿಯಲ್ಲಿದ್ದರೆ ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚು ಅದು ಬೇಕಾಗಬಾರದು. ಸಲಕ್ಕೆ 2 ಪಫ್ ಎಂದರೂ ವಾರಕ್ಕೆ 4. 200 ಪಫ್ 50 ವಾರ ಬರಬೇಕು. ಹೆಚ್ಚುಕಡಿಮೆ ಒಂದು ವರ್ಷ! ತಿಂಗಳಿಗೊಂದು ಮುಗಿಯುತ್ತದೆ ಎಂದರೆ ದಿನಕ್ಕೆ ಆರೇಳು ಪಫ್ ಹೋಗುತ್ತಿದೆ.

ಅವರಿಗೆ ಕೈ ನಡುಗದಿದ್ದುದು ಒಳ್ಳೆಯ ಸೂಚನೆಯಲ್ಲ. ದಿನಾ ಎಳೆಯುತ್ತಾ ಹೋದರೆ ಮೈ ಆ ಔಷಧಿಗೆ ಒಗ್ಗಿಹೋಗಿ ಮೊದಲಿನಷ್ಟು ಓಗೊಡುವುದಿಲ್ಲ. ನಡುಕ ಕಡಿಮೆಯಾಗುತ್ತದೆ, ಉಸಿರು ಬಿಡಿಸುವ ಶಕ್ತಿಯೂ ಸ್ವಲ್ಪ ಕುಂದುತ್ತದೆ. ಒಳಗೆ ಹೂಳು ತುಂಬುತ್ತಲೇ ಇರುತ್ತದೆ. ಲಾಡಿ ಸಡಿಲಿಸಿ ಸಡಿಲಿಸಿ ದಿನ ದೂಡುತ್ತಿರುತ್ತೇವೆ. ಒಂದು ರಾತ್ರಿ ಜೋರಾಗಿ ಬಂದಾಗ ಪಂಪಿಗೂ ಬಗ್ಗುವುದಿಲ್ಲ.

ಇದು ಬೇರೆ ದೇಶಗಳವರು ನೋವಿನಿಂದ ಕಲಿತ ಪಾಠ. 1960ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಐಸೊಪ್ರೆನಲಿನ್ ಎಂಬ ಜೋರಾದ ಪಂಪು ಬಂದಾಗ ಆಸ್ತಮಾದಿಂದ ಸಾಯುವವರ ಸಂಖ್ಯೆ ಏರಿತು. 1970ರ ದಶಕದ ಕೊನೆಯಲ್ಲಿ ನ್ಯೂಜಿಲೆಂಡಿನಲ್ಲಿ ಫೆನೊಟೆರಾಲ್ ಎಂಬ ಪಂಪಿನ ಕಾಲದಲ್ಲೂ ಹಾಗೇ ಆಯಿತು. ಆ ಔಷಧಿಗಳು ಇಂದು ನಮಗೆ ಕೊಡುವಂಥವಲ್ಲ. ಆದರೂ ಬರಿಯ ಉಸಿರು ಬಿಡಿಸುವ ಪಂಪನ್ನೇ ನಂಬಿ ಕೂರಬಾರದೆಂಬುದು ಗಟ್ಟಿಯಾಯಿತು. ಆಸ್ತಮಾ ಚಿಕಿತ್ಸೆಗೆ ಜಗತ್ತಿಗೆಲ್ಲ ಸಲಹೆ ಕೊಡುವ ಜಿನಾ ಎಂಬ ತಜ್ಞರ ಸಂಸ್ಥೆ 2019ರಲ್ಲಿ, ದೊಡ್ಡವರಿಗೂ ಹದಿಹರೆಯದವರಿಗೂ ಆಸ್ತಮಾಕ್ಕೆ ಸಾಲ್ಬುಟಮಾಲ್ ಒಂದನ್ನೇ ಕೊಡುವುದು ಬೇಡ, ಸ್ಟಿರಾಯ್ಡ್ ಇರುವ ಪಂಪೂ ಇರಬೇಕು ಎಂದು ಹೇಳಿತು. ವರ್ಷಕ್ಕೆ 3 ಅಥವಾ ಹೆಚ್ಚು ಪಂಪು ಖಾಲಿ ಮಾಡುವವರಿಗೆ ದಮ್ಮು ಉಲ್ಬಣಿಸುವ ಅಪಾಯ ಹೆಚ್ಚು. ವರ್ಷಕ್ಕೆ 12, ಅಂದರೆ ತಿಂಗಳಿಗೊಂದು ಮುಗಿಸುವವರಿಗೆ ಸಾವಿನ ಅಪಾಯವೇ ಹೆಚ್ಚು.

ವಿಚಾರಿಸಿದಾಗ ಆ ಸಹೋದರಿಗೆ ಡಾಕ್ಟರು ಎರಡು ಪಂಪು ಬರೆದಿದ್ದರೆಂದು ತಿಳಿಯಿತು. "ಎರಡನೇದು ಎಳ್ಕಂಡ್ರೂ ತಕ್ಷಣ ಏನೂ ಗೊತ್ತಾಗಲ್ಲ, ದುಡ್ಡೂ ಜಾಸ್ತಿ, ಅದಕ್ಕೇ ಬುಟ್ಬುಟ್ಟೆ" ಎಂದರು. ಹೂಳು ತೆಗೆಯುವ ಪಂಪನ್ನೇ ಬಿಟ್ಟಿದ್ದರು! ಕೈ ನಡುಗಿಸದ, ತಕ್ಷಣ ಫಲ ತೋರದ ಆ ಪಂಪೇ ಜೀವ ಕಾಯುವುದು. ಸಂಘದ ಉಳಿತಾಯದ ಹಾಗೆ, ಹಾಕಿದ ದಿನವೇ ಅದರ ಲಾಭ ಕಾಣುವುದಿಲ್ಲ.

ಒಂದು ಎಚ್ಚರಿಕೆ: ಹಳೆಯ ಹೊಗೆಗೂಡಿನ ದಮ್ಮು, ಅಂದರೆ ಸಿ.ಒ.ಪಿ.ಡಿ. ಇದ್ದವರಿಗೆ ಈ ವರ್ಷದ ಲೆಕ್ಕ ಹಾಗೇ ಹೊಂದುವುದಿಲ್ಲ. ಅವರು ಉಸಿರು ಬಿಡಿಸುವ ಔಷಧಿಯನ್ನು ದಿನಾ ತೆಗೆದುಕೊಳ್ಳಬೇಕಾಗಬಹುದು. ತಮ್ಮದು ಯಾವುದೆಂದು ಡಾಕ್ಟರನ್ನೇ ಕೇಳಬೇಕು.

ತಪ್ಪಾಗಿ ಎಳೆದರೆ ಗುಣ ಕಡಿಮೆ, ತೊಂದರೆ ಜಾಸ್ತಿ

ನಾಲಿಗೆ ಮೇಲೆ ಹೊಡೆದುಕೊಂಡು ನುಂಗಿದರೆ ಔಷಧಿ ಎದೆಗೆ ಹೋಗುವುದಿಲ್ಲ. ಗುಣ ಕಾಣದೆ ಮತ್ತೆ ಮತ್ತೆ ಹೊಡೆಯುತ್ತೇವೆ. ಸರಿಯಾದ ಕ್ರಮ ಇದು: ಪಂಪು ಚೆನ್ನಾಗಿ ಕುಲುಕಿ. ಉಸಿರು ಪೂರ್ತಿ ಹೊರಬಿಡಿ. ತುಟಿಯಿಂದ ಬಿಗಿಯಾಗಿ ಹಿಡಿದು, ನಿಧಾನವಾಗಿ ಉಸಿರೆಳೆಯಲು ಶುರು ಮಾಡಿದ ಕೂಡಲೇ ಒಂದು ಸಲ ಒತ್ತಿ. ಮನಸ್ಸಿನಲ್ಲೇ ಹತ್ತು ಎಣಿಸುವ ತನಕ ಉಸಿರು ಹಿಡಿಯಿರಿ. ಎರಡನೇ ಪಫ್‌ಗೆ ಅರ್ಧದಿಂದ ಒಂದು ನಿಮಿಷ ಬಿಡಿ.

ಕೈಗೂ ಉಸಿರಿಗೂ ಹೊಂದಿಕೆ ಆಗದವರು, ಮಕ್ಕಳು, ವಯಸ್ಸಾದವರು ಸ್ಪೇಸರ್ ಎಂಬ ಬುರುಡೆಯನ್ನು ಹಾಕಿಕೊಳ್ಳಬೇಕು. ಕೊಳ್ಳಲು ಆಗದಿದ್ದರೆ? ಅರ್ಧ ಲೀಟರಿನ ಪ್ಲಾಸ್ಟಿಕ್ ಬಾಟಲಿಯ ತಳಕ್ಕೆ ಪಂಪಿನ ಬಾಯಿ ಗಾಳಿಯಾಡದಂತೆ ಕೂರಿಸಿ ಸೀಲು ಮಾಡಿದರೆ ಅಂಗಡಿಯ ಸ್ಪೇಸರಿನಷ್ಟೇ ಕೆಲಸ ಮಾಡುತ್ತದೆಂದು ದಕ್ಷಿಣ ಆಫ್ರಿಕಾದ ವೈದ್ಯರು 1999ರಲ್ಲಿ ಮಕ್ಕಳ ಮೇಲಿನ ಅಧ್ಯಯನದಲ್ಲಿ ತೋರಿಸಿದರು. ಮಾಡುವ ವಿಧಾನವನ್ನು ನರ್ಸಮ್ಮನ ಹತ್ತಿರ ಒಮ್ಮೆ ನೋಡಿ ಕಲಿಯಿರಿ.

ಇನ್ನೊಂದು ಮಾತು. ಯಂತ್ರದಲ್ಲಿ ಹಾಕಿ ಎಳೆಯುವ ಪುಡಿಯ ಕ್ಯಾಪ್ಸೂಲ್, ಅಂದರೆ ರೋಟಾಕ್ಯಾಪ್, ನುಂಗುವ ಮಾತ್ರೆ ಅಲ್ಲ. ನೀರು ಕುಡಿದು ನುಂಗಿ "ಗುಣ ಆಗಲಿಲ್ಲ" ಎನ್ನುವವರಿದ್ದಾರೆ.

ಕೇಳುವ ಪ್ರಶ್ನೆಗಳು

"ಪಂಪು ಹಿಡಿದ್ರೆ ಚಟ ಆಗ್ತದಂತೆ, ಹೌದಾ?" ಇಲ್ಲ. ಇದು ಬೀಡಿ, ಸಾರಾಯಿಯಂಥ ಚಟವಲ್ಲ. ಕಾಯಿಲೆ ಇರುವವರೆಗೆ ಔಷಧಿ ಬೇಕು, ಕನ್ನಡಕದ ಹಾಗೆ.

"ಬಸುರಿ, ಬಾಣಂತಿ ಎಳೆಯಬಹುದಾ?" ಡಾಕ್ಟರು ಬರೆದದ್ದನ್ನು ಎಳೆಯಬೇಕು. ತಾಯಿಗೆ ಉಸಿರು ಕಟ್ಟಿದರೆ ಮಗುವಿಗೂ ಉಸಿರಿಲ್ಲ. ಅತ್ತೆ ಹೇಳಿದರೆಂದು ನಿಲ್ಲಿಸಬೇಡಿ. ಅತ್ತೆಯನ್ನೂ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಡಾಕ್ಟರೇ ಹೇಳಲಿ.

"ಬೇರೆ ಮಾತ್ರೆ ಜೊತೆಗೆ ತಗೋಬಹುದಾ?" ಪ್ರೊಪ್ರನೊಲಾಲ್, ಅಟೆನೊಲಾಲ್‌ನಂಥ ಕೆಲವು ಬಿ.ಪಿ. ಮಾತ್ರೆಗಳು, ಟಿಮೊಲಾಲ್ ಎಂಬ ಕಣ್ಣಿನ ಹನಿ ಉಸಿರಿನ ಕೊಳವೆಯನ್ನು ಬಿಗಿಯಬಹುದು. ಕೆಲವರಿಗೆ ನೋವಿನ ಮಾತ್ರೆಯೂ ಆಗುವುದಿಲ್ಲ. ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸಿ. ನೀವೇ ನಿಲ್ಲಿಸಬೇಡಿ.

"ಪಂಪು ಖಾಲಿ ಆಯ್ತೋ ಇಲ್ವೋ ನೀರಲ್ಲಿ ಹಾಕಿ ನೋಡಬಹುದಾ?" ಬೇಡ, ಅದನ್ನು ನಂಬಲಾಗುವುದಿಲ್ಲ. ಎಣಿಕೆ ತೋರಿಸುವ ಪಂಪಾದರೆ ಅದನ್ನು ನೋಡಿ. ಇಲ್ಲದಿದ್ದರೆ ಶುರು ಮಾಡಿದ ತಾರೀಖು ಬರೆದು ಎಳೆದದ್ದನ್ನು ಗೀಟು ಹಾಕಿ.

ತಕ್ಷಣ ಆಸ್ಪತ್ರೆಗೆ ಹೋಗಬೇಕಾದ್ದು ಯಾವಾಗ?

ಪಂಪು ಎಳೆದ ಕೂಡಲೇ ಉಸಿರು ಇನ್ನೂ ಬಿಗಿದರೆ (ಅಪರೂಪಕ್ಕೆ ಹೀಗಾಗುತ್ತದೆ), ಮುಖ ತುಟಿ ಊದಿ ಮೈಮೇಲೆ ದದ್ದು ಎದ್ದರೆ, ಎದೆನೋವು ಬಂದರೆ, ತಲೆಸುತ್ತಿ ಬಿದ್ದರೆ, ಎದೆಬಡಿತ ತಪ್ಪಿ ತಪ್ಪಿ ಹೊಡೆದುಕೊಂಡರೆ ಆ ಪಂಪು ನಿಲ್ಲಿಸಿ ಕೂಡಲೇ ಆಸ್ಪತ್ರೆಗೆ ಹೋಗಿ.

ದಮ್ಮು ಜೋರಾಗಿ ಒಂದು ವಾಕ್ಯ ಪೂರ್ತಿ ಮಾತಾಡಲು ಆಗದಿದ್ದರೆ, ತುಟಿ ಉಗುರು ನೀಲಿಯಾದರೆ, ಕತ್ತಿನ ಗುಂಡಿ ಒಳಗೆ ಎಳೆಯುತ್ತಿದ್ದರೆ, ಮಂಪರು ಬಂದರೆ 108ಕ್ಕೆ ಫೋನ್ ಮಾಡಿ. ಮಲಗಿಸಬೇಡಿ, ಕೂರಿಸಿ. ತಕ್ಷಣದ ಪಂಪನ್ನು ಸ್ಪೇಸರಿನಲ್ಲಿ ಒಂದೊಂದಾಗಿ 4 ಪಫ್ ಕೊಡಿ. ಉಸಿರು ಬಿಡದಿದ್ದರೆ ಕೆಲವು ನಿಮಿಷ ಬಿಟ್ಟು ಮತ್ತೆ 4 ಪಫ್, ಗಾಡಿ ಬರುವ ತನಕ ಹೀಗೆ. ಆ ಹೊತ್ತಿನಲ್ಲಿ "ಕೈ ನಡುಗ್ತದೆ, ಸಾಕು" ಎಂದು ನಿಲ್ಲಿಸಬೇಡಿ. ನಡುಗುವ ಕೈ ಸಂಜೆಗೆ ಸರಿಹೋಗುತ್ತದೆ, ನಿಂತ ಉಸಿರು ಮತ್ತೆ ಬರುವುದಿಲ್ಲ.

ಸಂಘದಲ್ಲಿ ನಾವು ಏನು ಮಾಡಬಹುದು?

- ಪಂಪು ಇರುವ ಸದಸ್ಯರೆಲ್ಲ ಮುಂದಿನ ಸಭೆಗೆ ಅದನ್ನು ತರಲಿ. ಎಳೆಯುವ ಕ್ರಮವನ್ನು ಆಶಾ ಕಾರ್ಯಕರ್ತೆ ಅಥವಾ ನರ್ಸಮ್ಮನ ಮುಂದೆ ತೋರಿಸಲಿ.
- ಲೆಕ್ಕದ ಪುಸ್ತಕದ ಕೊನೇ ಪುಟದಲ್ಲಿ ಪಂಪು ಕೊಂಡ ತಾರೀಖು, ಮುಗಿದ ತಾರೀಖು ಬರೆಯಿರಿ. ಆಸ್ತಮಾದವರ ಪಂಪು ಮೂರು ನಾಲ್ಕು ತಿಂಗಳ ಒಳಗೇ ಮುಗಿದರೆ ಅವರನ್ನು ಡಾಕ್ಟರ ಹತ್ತಿರ ಕಳಿಸುವುದು ಸಂಘದ ಜವಾಬ್ದಾರಿ.
- ದುಡ್ಡಿಲ್ಲದೆ ದಿನದ ಪಂಪು ಬಿಟ್ಟವರಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ, ಜನೌಷಧಿ ಅಂಗಡಿಯಲ್ಲಿ ಕೇಳಿ. ಆಮೇಲೂ ಬೇಕಾದರೆ ಆಂತರಿಕ ಸಾಲ ಕೊಡಿ. ಮದುವೆ, ಹಬ್ಬಕ್ಕೆ ಕೊಡುವ ನಾವು ಉಸಿರಿಗೆ ಕೊಡಬಾರದೇ?
- ಹೊಗೆ ಕೊಳವೆ ಇರುವ ಅಸ್ತ್ರ ಒಲೆ, ಗ್ಯಾಸ್, ಅದೂ ಆಗದಿದ್ದರೆ ಅಡುಗೆಮನೆಗೆ ಒಂದು ಗವಾಕ್ಷಿ. ಸಿಲಿಂಡರ್ ಮೂಲೆಗಿಟ್ಟು ಸೌದೆ ಹಚ್ಚುವವರು ಮನೆಯವರ ಜೊತೆ ಮಾತಾಡಿ.

ಆ ಮೊದಲನೇ ಅಕ್ಕ ಈಗ ಬಾಟಲಿ ಸ್ಪೇಸರಿನಲ್ಲಿ ಎಳೆಯುತ್ತಾರೆ. ನಡುಕ ಸ್ವಲ್ಪ ಇದೆ. "ಎಳ್ಕಂಡು ಅರ್ಧ ಗಂಟೆ ಕೂತ್ಕತೀನಿ, ಆಮೇಲೆ ಹಾಲು ಹಾಕಕೆ ಹೋಯ್ತೀನಿ" ಎನ್ನುತ್ತಾರೆ. ಎರಡನೆಯವರು ಆಸ್ಪತ್ರೆಗೆ ಹೋಗಿ ದಿನದ ಪಂಪನ್ನು ಮತ್ತೆ ಶುರು ಮಾಡಿದ್ದಾರೆ. ಅವರ ತಕ್ಷಣದ ಪಂಪಿನ ಮೇಲೆ ಸಂಘದ ಕಾರ್ಯದರ್ಶಿ ತಾರೀಖು ಬರೆದು ಅಂಟಿಸಿದ್ದಾರೆ. ಅದು ಎಷ್ಟು ದಿನ ಬರುತ್ತದೆಂದು ಪ್ರತಿ ಸಭೆಯಲ್ಲೂ ಎಲ್ಲರೂ ಕೇಳುತ್ತಾರೆ.

ಸಭೆಯಲ್ಲಿ ಚರ್ಚಿಸಲು:
1. ನಮ್ಮ ಸಂಘದಲ್ಲಿ ಎಷ್ಟು ಜನರ ಹತ್ತಿರ ಪಂಪು ಇದೆ? ಹೆದರಿ ಬಿಟ್ಟವರು ಯಾರಾದರೂ ಇದ್ದಾರೆಯೇ?
2. ಒಂದು ಪಂಪು ನಿಮಗೆ ಎಷ್ಟು ದಿನ ಬರುತ್ತದೆ?
3. ನಿಮ್ಮ ಒಲೆಯ ಲೆಕ್ಕ ಎಷ್ಟು? ಗಂಟೆ ಮತ್ತು ವರ್ಷ ಗುಣಿಸಿ ನೋಡಿ.